ಖಾಲಿ ಹೊಟ್ಟೆಯ ಗ್ರೀನ್ ಟೀ

ನನ್ನ ಮುಖ ಯಾರಿಗೂ ಗೊತ್ತಿಲ್ಲ. ಬೇರೆ ಭಾಷೆಯಿಂದ ಬಂದ ಧಾರಾವಾಹಿಯೊಂದರ ನಾಯಕಿಗೆ ವರ್ಷಗಟ್ಟಲೆ ದನಿ ಕೊಟ್ಟವಳು ನಾನು. ತೆರೆಯ ಮೇಲೆ ಬಾಯಿ ಆಡಿಸುವುದಷ್ಟೇ ಅವಳ ಕೆಲಸ. ಅಳುವುದು, ಬೈಯುವುದು, ಮತ್ತೆ ಮತ್ತೆ ಆ ದರಿದ್ರ ಗಂಡನನ್ನು ಕ್ಷಮಿಸುವುದು, ಎಲ್ಲವೂ ನನ್ನ ಗಂಟಲಿನದು. ಆ ಪಾತ್ರ ಇರುವತನಕ ನಾಲ್ಕು ಜನರ ನಡುವೆ ನನಗೊಂದು ಬೆಲೆ ಇತ್ತು.

ಡಬ್ಬಿಂಗ್ ಕೋಣೆಯಲ್ಲಿ ನಮ್ಮ ದೊಡ್ಡ ಶತ್ರು ಹೊಟ್ಟೆ. ಉಂಡು ಬಂದರೆ ಮಾತಿನ ನಡುವೆ ತೇಗು, ಉದ್ದದ ಸಾಲಿಗೆ ಉಸಿರು ಸಾಲದು. ಉಣ್ಣದೆ ಬಂದರೆ ಹೊಟ್ಟೆ ತಾಳ ಹಾಕುತ್ತದೆ, ಹಾಳು ಮೈಕು ಅದನ್ನೂ ಬಿಡುವುದಿಲ್ಲ. ಒಮ್ಮೆ ನಾಯಕಿ ಮಾವನ ಹೆಣದ ಮುಂದೆ ಗೋಳಾಡುವಾಗ ನನ್ನ ಹೊಟ್ಟೆ ಗುರ್ ಎಂದು, ಇಡೀ ಸ್ಟುಡಿಯೋ ಬಿದ್ದು ಬಿದ್ದು ನಕ್ಕಿತ್ತು. ಅದಕ್ಕೆ ನಮ್ಮವರು ಕಂಡುಕೊಂಡ ಉಪಾಯವೆಂದರೆ, ಬೆಳಿಗ್ಗೆ ಏನೂ ತಿನ್ನದೆ ಬರುವುದು, ಸದ್ದು ಎದ್ದಾಗಲೆಲ್ಲ ಬಿಸಿಯಾಗಿ ಏನಾದರೂ ಕುಡಿದು ಹೊಟ್ಟೆಯ ಬಾಯಿ ಮುಚ್ಚಿಸುವುದು. ಹಾಲಿನ ಟೀ ಕುಡಿದರೆ ಗಂಟಲಲ್ಲಿ ಕಫ ಕಟ್ಟುತ್ತದೆಂದು ಎಲ್ಲರ ನಂಬಿಕೆ. ಹಾಗಾಗಿ ಗ್ರೀನ್ ಟೀ.

ಅದನ್ನು ಮಾಡಿಕೊಡುತ್ತಿದ್ದವಳು ನನ್ನ ತಂಗಿ. ಅವಳನ್ನು ಈ ಕೆಲಸಕ್ಕೆ ಕರೆತಂದವಳೂ ನಾನೇ. ಗುಂಪಿನ ಗದ್ದಲ, ನೆರೆಮನೆಯವಳ ಎರಡು ಮಾತು, ಇಂಥ ಚಿಲ್ಲರೆ ಪಾತ್ರಗಳು ಅವಳ ಪಾಲಿನವು. ಬಿಡುವಾದಾಗ ನನ್ನ ಫ್ಲಾಸ್ಕು ತುಂಬುತ್ತಿದ್ದಳು. ಎಲೆಯನ್ನು ಬಹಳ ಹೊತ್ತು ನೆನೆಹಾಕಿ ಕಡು ಕಹಿ ಮಾಡುತ್ತಿದ್ದಳು. ಹಾಗೆ ಮಾಡು ಎಂದು ಹೇಳಿದ್ದವಳು ನಾನು. ಮೈಗೆ ಒಳ್ಳೆಯದೆಂದ ಮೇಲೆ ಕಹಿ ಇರಲೇಬೇಕಲ್ಲ.

ಮೊದಲು ಹುಳಿ ತೇಗು ಬಂತು, ಆಮೇಲೆ ಎದೆಯುರಿ. ಗ್ರೀನ್ ಟೀ ಹೊಟ್ಟೆಗೆ ಹಗುರ ಎಂದು ಎಲ್ಲರೂ ಹೇಳುತ್ತಿದ್ದರಲ್ಲ, ಉರಿ ಎದ್ದಾಗ ಇನ್ನೊಂದು ಲೋಟ ಕುಡಿದೆ. ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಿದ್ದೇನೆಂದು ಹೊಳೆಯಲೇ ಇಲ್ಲ. ಬರಬರುತ್ತ ಬೆಳಿಗ್ಗೆ ಎದ್ದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ದನಿ ಒಡಕು. ತೆರೆಯ ಮೇಲಿನ ಹುಡುಗಿ ಬಾಯಿ ತೆರೆದರೆ ಅವಳ ಅಜ್ಜಿ ಮಾತಾಡುತ್ತಿದ್ದಳು. ನಿರ್ದೇಶಕರು ಕೆಲವು ದಿನ ಹಲ್ಲು ಕಚ್ಚಿ ಸಹಿಸಿದರು. ಆಮೇಲೆ, ನೀವು ಒಂದಷ್ಟು ದಿನ ರಜೆ ಹಾಕಿ, ಬರುವತನಕ ತಂಗಿ ನಿಭಾಯಿಸಲಿ, ಒಂದೇ ರಕ್ತ, ದನಿಯೂ ಹತ್ತಿರವಿದೆ ಎಂದರು.

ಗಂಟಲಿನ ಡಾಕ್ಟರು ಮೂಗಿನಿಂದ ಸಣ್ಣ ಕೊಳವೆ ಇಳಿಸಿ ನೋಡಿದರು. ಹೊಟ್ಟೆಯ ಆಮ್ಲ ಮೇಲೇರಿ ದನಿಪೆಟ್ಟಿಗೆ ಕೆಂಪಾಗಿದೆಯಂತೆ. ಏನೇನು ತಿನ್ನುತ್ತೀರಿ, ಕುಡಿಯುತ್ತೀರಿ ಎಂದು ಕೇಳಿದರು. ಕಾಫಿ ಮುಟ್ಟುವುದೇ ಇಲ್ಲ, ಬರೀ ಗ್ರೀನ್ ಟೀ ಎಂದು ಹೆಮ್ಮೆಯಿಂದ ಹೇಳಿದೆ. ಖಾಲಿ ಹೊಟ್ಟೆಯ ಕಥೆಯನ್ನೂ ಹೇಳಿದೆ.

"ಎಲ್ರಿಗೂ ಅದು ತೊಂದ್ರೆ ಕೊಡಲ್ಲಮ್ಮ. ಊಟ ಆದ್ಮೇಲೆ ತೆಳ್ಳಗೆ ಒಂದು ಕಪ್ಪು ಕುಡಿದ್ರೆ ಎಷ್ಟೋ ಜನಕ್ಕೆ ಏನೂ ಆಗಲ್ಲ," ಎಂದರು. "ನೀವು ಹಸಿದ ಹೊಟ್ಟೆಗೆ ಇಡೀ ದಿನ ಕಡುವಾಗಿ ಸುರೀತಿದ್ದೀರಿ. ಕಾಫಿ ಥರ ಅದರಲ್ಲೂ ಕೆಫೀನ್ ಇದೆ. ಅದೊಂದೇ ಕಾರಣ ಅನ್ನಕ್ಕಾಗಲ್ಲ. ಬಿಟ್ಟು ನೋಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ."

ಮನೆಗೆ ಬಂದು ತಂಗಿಗೆ ಹೇಳಿದೆ. ತಟ್ಟೆ ಒರೆಸುತ್ತಿದ್ದವಳಿಗೆ ಎಳ್ಳಷ್ಟೂ ಆಶ್ಚರ್ಯವಾಗಲಿಲ್ಲ.

"ನಂಗೂ ಹಂಗೇ ಉರೀತಿತ್ತು ಅಕ್ಕ. ಅದಕ್ಕೇ ಯಾವಾಗ್ಲೋ ಬಿಟ್ಬಿಟ್ಟೆ."

ಮತ್ತೆ ನನಗೇಕೆ ಹೇಳಲಿಲ್ಲ ಎಂದೆ.

"ನೀನು ನನ್ನ ಮಾತು ಯಾವತ್ತು ಕೇಳಿದ್ದೀಯ? ನಿಂಗೆ ಒಗ್ಗುತ್ತೇನೋ ಅಂದ್ಕೊಂಡೆ."

ನನಗೆ ಮೈಯೆಲ್ಲ ಉರಿದುಹೋಯಿತು. ತಾನು ಬಿಟ್ಟದ್ದನ್ನು ದಿನವೂ ನನ್ನ ಫ್ಲಾಸ್ಕಿಗೆ ತುಂಬಿದ್ದಳಲ್ಲ. ಬೇಕೆಂದೇ ಮಾಡಿದಳೇ, ನಿಜವಾಗಿ ಹಾಗೆ ಅಂದುಕೊಂಡಿದ್ದಳೇ, ನನಗಿನ್ನೂ ಗೊತ್ತಿಲ್ಲ. ಬಾಯಿಗೆ ಬಂದಂತೆ ಬೈಯೋಣವೆಂದರೆ ಡಾಕ್ಟರು ಜೋರಾಗಿ ಮಾತಾಡಬೇಡಿ ಎಂದಿದ್ದರು.

ಟೀ ಬಿಟ್ಟೆ, ಮಾತ್ರೆ ನುಂಗಿದೆ, ಹೊತ್ತುಹೊತ್ತಿಗೆ ಉಂಡೆ. ತಿಂಗಳುಗಳು ಹಿಡಿದರೂ ದನಿ ಬಂತು. ಓಡಿ ಹೋಗಿ ನಿರ್ದೇಶಕರಿಗೆ ಕೇಳಿಸಿದೆ. ಚೆನ್ನಾಗಿದೆ ಎಂದರು. ಆದರೆ ನೋಡುವವರ ಕಿವಿಗೆ ಈಗ ತಂಗಿಯ ದನಿಯೇ ಕೂತುಬಿಟ್ಟಿದೆ, ಮತ್ತೆ ಬದಲಿಸಿದರೆ ಉಗಿಯುತ್ತಾರೆ, ಬೇರೇನಾದರೂ ಬಂದರೆ ಹೇಳಿಕಳಿಸುತ್ತೇನೆ ಎಂದು ಸಾಗಹಾಕಿದರು.

ಹೇಳಿಕಳಿಸಿದ್ದು ತಂಗಿಗೆ ನೆಗಡಿ ಬಂದಾಗ. ಮೂಗು ಕಟ್ಟಿ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ, ಸಂಜೆಯೇ ಕಂತು ಪ್ರಸಾರವಾಗಬೇಕಿತ್ತು. ನಾಚಿಕೆ ಬಿಟ್ಟು ಹೋದೆ. ಮೈಕಿನ ಮುಂದೆ ನಿಂತಾಗ ತವರಿಗೆ ಬಂದಂತಾಯಿತು. ಮೊದಲ ಸಾಲನ್ನು ಹೇಗೆ ಹೇಳಬೇಕೋ ಹಾಗೆಯೇ ಹೇಳಿದೆ, ಪ್ರತಿ ಅಕ್ಷರವೂ ಗಂಟೆ ಬಾರಿಸಿದಂತಿತ್ತು.

ಹೆಡ್‌ಫೋನಿನಲ್ಲಿ ನಿರ್ದೇಶಕರ ದನಿ ಬಂತು. "ಹಾಗಲ್ಲ. ಸ್ವಲ್ಪ ನಿಮ್ಮ ತಂಗಿ ಥರ ಹೇಳಿ. ದನಿ ಬೇರೆ ಅಂತ ಯಾರಿಗೂ ಗೊತ್ತಾಗಬಾರ್ದು."

ಆ ಹುಡುಗಿಯ ನಗು, ಬಿಕ್ಕು, ಮುನಿಸು ಎಲ್ಲವನ್ನೂ ಹುಟ್ಟಿಸಿದವಳು ನಾನು. ತಂಗಿ ಕಲಿತದ್ದು ನನ್ನನ್ನು ಕೇಳಿ, ಅದೂ ಅರ್ಧಂಬರ್ಧ. ಸಾಲಿನ ಕೊನೆಯನ್ನು ನುಂಗಿಬಿಡುತ್ತಾಳೆ, ಎಷ್ಟು ತಿದ್ದಿದರೂ ಬಿಟ್ಟವಳಲ್ಲ.

ನಾನೂ ಕೊನೆಯನ್ನು ನುಂಗಿ ಹೇಳಿದೆ. ಗಾಜಿನಾಚೆ ನಿರ್ದೇಶಕರು ನಗುತ್ತ ಹೆಬ್ಬೆರಳೆತ್ತಿದರು. ಆ ಟೇಕೇ ಓಕೆ ಆಯಿತು.