ಉದ್ದ ತೋಳಿನ ಉಡುಪು

"ತೋಳು ಉದ್ದ ಇರ್ಲಿ ಅಜ್ಜಿ," ಎಂದಳು ಮಿನೋರಿ. "ಮಣಿಕಟ್ಟಿನ ತನಕ."

ನಾನು ಅಳತೆಯ ಟೇಪನ್ನು ಅವಳ ಭುಜಕ್ಕೆ ಹಿಡಿದಿದ್ದೆ. ಹದಿಮೂರು ವರ್ಷದ ಹುಡುಗಿ. ಭುಜದಿಂದ ಮೊಣಕೈವರೆಗೆ ಏಳು ಬಾಸುಂಡೆಗಳಿದ್ದವು. ಎರಡು ಹಳೆಯವು, ಹಳದಿಗೆ ತಿರುಗಿದ್ದವು. ಉಳಿದವು ಆ ವಾರದವು. ಎಲ್ಲವೂ ಒಂದೇ ಅಗಲ, ಎರಡು ಬೆರಳಿನಷ್ಟು. ಸ್ಕೇಟರುಗಳು ಐಸ್ ಬಿಟ್ಟು ನೆಲದ ಮೇಲೆ ನಡೆಯುವಾಗ ಬ್ಲೇಡಿಗೆ ಹಾಕಿಕೊಳ್ಳುವ ಗಟ್ಟಿ ಪ್ಲಾಸ್ಟಿಕ್ ಕವರು ಸರಿಯಾಗಿ ಅಷ್ಟೇ ಅಗಲ ಇರುತ್ತದೆ.

"ಬಿದ್ದೆ," ಎಂದಳು, ನಾನು ಕೇಳುವ ಮೊದಲೇ.

"ಬಿದ್ರೆ ಸೊಂಟಕ್ಕೆ, ಮಂಡಿಗೆ ತಾಗತ್ತೆ. ತೋಳಿನ ಹಿಂದ್ಗಡೆ ಹೇಗೆ ತಾಗತ್ತೆ?"

"ನಾನು ಬೀಳೋ ಸ್ಟೈಲೇ ಬೇರೆ ಅಜ್ಜಿ," ಎಂದು ನಕ್ಕಳು. "ಅದಕ್ಕೂ ಜಡ್ಜ್‌ಗಳು ಮಾರ್ಕ್ಸ್ ಕೊಟ್ಟಿದ್ರೆ ಇಷ್ಟೊತ್ತಿಗೆ ಚಾಂಪಿಯನ್ ಆಗಿರ್ತಿದ್ದೆ."

ನಾನೂ ನಕ್ಕೆ. ಆಮೇಲೆ ನೋಟ್‌ಬುಕ್ಕಿನಲ್ಲಿ ತೋಳಿನ ಉದ್ದ ಬರೆದುಕೊಂಡೆ.

ನಗೋಯಾ ನಗರದ ಸ್ಕೇಟರುಗಳಿಗೆ ಉಡುಪು ಹೊಲಿಯುತ್ತ ನಲವತ್ತು ವರ್ಷಗಳಾದವು. ಮೊದಲ ಉದ್ದ ತೋಳಿನ ಉಡುಪು ಹೊಲಿದದ್ದು ತೊಮೊಯೆಗೆ. ಆಗ ಅವಳಿಗೆ ಹನ್ನೊಂದು. ಅವಳ ಗುರು ಸಾಗಾರಾ, ಈಗ ಇಲ್ಲ, ಎಡಗೈಯಲ್ಲಿ ಮಕ್ಕಳ ಗದ್ದ ಎತ್ತಿ ಹಿಡಿದು ಬಲಗೈಯಲ್ಲಿ ತೋಳಿಗೆ ಹೊಡೆಯುತ್ತಿದ್ದರು. ಗದ್ದ ಹಿಡಿಯುತ್ತಿದ್ದದ್ದು ಮಗು ಮುಖ ತಿರುಗಿಸಬಾರದೆಂದು. ಏಟು ಬಿದ್ದ ಮೇಲೆ ಮಗು ತಲೆಬಾಗಿ "ಧನ್ಯವಾದ ಸೆನ್ಸೇ" ಅನ್ನಬೇಕು; ನಾವು ಗುರುವನ್ನು ಕರೆಯುವುದೇ ಸೆನ್ಸೆ ಎಂದು. ತೊಮೊಯೆಯ ತೋಳು ನೋಡಿ ನಾನು ಮೈಬಣ್ಣದ ಜಾಲರಿ ಬಟ್ಟೆಯನ್ನು ಎರಡು ಪದರ ಹಾಕಿ ಹೊಲಿದೆ. ಕಲೆ ಹೆಚ್ಚು ಕಪ್ಪಾಗಿದ್ದ ಕಡೆ ಚಮಕಿ ಒತ್ತಾಗಿ ಕೂರಿಸಿದೆ. ಮಗುವಿಗೆ ಮಾಡಿದ ಉಪಕಾರ ಅಂದುಕೊಂಡೆ. ಮುಂದೆ ಅವಳು ಮೂರು ಸಲ ರಾಷ್ಟ್ರೀಯ ಚಾಂಪಿಯನ್ ಆದಳು. ಆ ತೋಳುಗಳನ್ನು ಪತ್ರಿಕೆಯವರು ಕೊಕ್ಕರೆಯ ರೆಕ್ಕೆಗೆ ಹೋಲಿಸಿದರು. ಆ ತುಣುಕನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಈಗ ಮಿನೋರಿಯ ಸೆನ್ಸೆ ಈ ತೊಮೊಯೆಯೇ.

ನವೆಂಬರಿನ ಮೊದಲ ಶನಿವಾರ ಬೆಳಿಗ್ಗೆ ಆರಕ್ಕೆ, ಅರ್ಧ ಹೊಲಿದ ಉಡುಪನ್ನು ತೊಡಿಸಿ ನೋಡಲು ಸ್ಕೇಟಿಂಗ್ ರಿಂಕಿಗೆ ಹೋದೆ. ಜೂನಿಯರ್ ರಾಷ್ಟ್ರೀಯ ಸ್ಪರ್ಧೆಗೆ ಎರಡೇ ವಾರ ಉಳಿದಿತ್ತು. ತೊಮೊಯೆ ನನ್ನನ್ನು ನೋಡಿದ ಕೂಡಲೇ ಅಂಚಿನ ಗೋಡೆಯ ಬಳಿಗೆ ಜಾರಿ ಬಂದಳು.

"ಫುಮಿಯೆಸಾನ್, ಮಂಡಿ ನೋವು ಹೇಗಿದೆ? ಅಲ್ಲಿ ಥಂಡಿ, ಹೀಟರ್ ಹತ್ರ ಕೂತ್ಕೊಳ್ಳಿ." ತನ್ನ ಕೋಟಿನ ಜೇಬಿನಿಂದ ಬಿಸಿ ಬಾರ್ಲಿ ಚಹಾದ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟಳು. ತನಗೆಂದು ತಂದುಕೊಂಡದ್ದು ಅದು.

ಹೀಟರಿನ ಹತ್ತಿರ ಇಬ್ಬರು ತಾಯಂದಿರು ಒಂದೇ ಕಂಬಳಿ ಹೊದ್ದು ಕುಳಿತಿದ್ದರು. ಸರಿದು ನನಗೂ ಕಂಬಳಿಯ ತುದಿ ಹೊದಿಸಿದರು. ಒಬ್ಬಾಕೆ ಕೊಹಾರುವಿನ ತಾಯಿ. ಕೊಹಾರು ಎಂಟು ವರ್ಷದವಳು, ಎಲ್ಲರಿಗಿಂತ ಚಿಕ್ಕವಳು.

ಮಿನೋರಿ ಮೂರೂವರೆ ಸುತ್ತಿನ ಆಕ್ಸಲ್ ಜಿಗಿತಕ್ಕೆ ಓಡಿ ಬಂದಳು. ಸುತ್ತು ಮುಗಿಯುವ ಮೊದಲೇ ಹೆದರಿ ಗಾಳಿಯಲ್ಲೇ ಮೈ ಬಿಚ್ಚಿಬಿಟ್ಟಳು. ಬಿದ್ದಳು. ಮತ್ತೆ ಬಂದಳು, ಮತ್ತೆ ಬಿದ್ದಳು. ನಾಲ್ಕನೆಯ ಸಲ ತೊಮೊಯೆ ಬೆರಳಾಡಿಸಿ ಕರೆದಳು. ಗೋಡೆಯ ಮೇಲಿದ್ದ ಬ್ಲೇಡ್ ಕವರನ್ನು ಎತ್ತಿಕೊಂಡಳು. ಎಡಗೈಯಲ್ಲಿ ಗದ್ದ ಎತ್ತಿದಳು.

ಮೊದಲ ಏಟು ತೋಳಿಗೆ. ಆ ಸದ್ದು ಇಡೀ ರಿಂಕಿಗೆ ಕೇಳಿಸಿತು. ಎರಡನೆಯದು ತೊಡೆಗೆ. ಮೂರನೆಯದಕ್ಕೆ ಮಿನೋರಿಯ ಬ್ಲೇಡು ಜಾರಿ, ತಲೆ ಹೋಗಿ ಗೋಡೆಗೆ ಬಡಿಯಿತು. ತೊಮೊಯೆ ಜುಟ್ಟು ಹಿಡಿದು ನಿಲ್ಲಿಸಿ ನಾಲ್ಕನೆಯದನ್ನು ಹೊಡೆದಳು.

"ಭಯ ಎಲ್ಲಿದೆ? ಇಲ್ಲಿದ್ಯಾ? ಇಲ್ಲಿದ್ಯಾ? ಇದಕ್ಕಿಂತ ಐಸ್‌ಗೆ ಜಾಸ್ತಿ ಹೆದರ್ತೀಯಾ?"

"ಇಲ್ಲ ಸೆನ್ಸೇ." ಮಿನೋರಿ ಸೊಂಟದಿಂದ ಬಾಗಿದಳು. "ಧನ್ಯವಾದ ಸೆನ್ಸೇ."

ತೊಮೊಯೆ ಕವರನ್ನು ಕೆಳಗಿಟ್ಟು, ಅವಳ ಮುಂದೆ ಐಸಿನ ಮೇಲೆ ಮಂಡಿಯೂರಿ, ಸಡಿಲವಾಗಿದ್ದ ಅವಳ ಬೂಟಿನ ದಾರವನ್ನು ಬಿಗಿದು ಕಟ್ಟಿದಳು. ತನ್ನ ಕೈಗವಸು ತೆಗೆದು ಅವಳಿಗೆ ತೊಡಿಸಿದಳು. ಎಷ್ಟು ಅಕ್ಕರೆಯಿಂದ ತೊಡಿಸಿದಳೆಂದರೆ ನನ್ನ ಕಣ್ಣು ಒದ್ದೆಯಾಯಿತು. ನಾನು ಮೋಸ ಹೋಗುತ್ತಿದ್ದದ್ದು ಯಾವಾಗಲೂ ಅಲ್ಲೇ.

"ನೋಡಿ, ಮಿನೋರಿಗೆ ದಿನಾ ಏಟು ಬೀಳತ್ತೆ," ಎಂದಳು ಕೊಹಾರುವಿನ ತಾಯಿ ನಿಟ್ಟುಸಿರಿಟ್ಟು. "ಪುಣ್ಯ ಮಾಡಿದಾಳೆ. ನಮ್ಮವಳನ್ನ ಸೆನ್ಸೆ ಇನ್ನೂ ಒಂದ್ಸಲಾನೂ ಮುಟ್ಟಿಲ್ಲ."

"ಬೇಜಾರು ಮಾಡ್ಕೋಬೇಡಿ," ಎಂದಳು ಇನ್ನೊಬ್ಬಾಕೆ. "ಒಂಬತ್ತು ತುಂಬ್ಲಿ. ಆಮೇಲೆ ಬೀಳತ್ತೆ."

ಮಿನೋರಿಯ ಸಂಗೀತ ಹಾಕಿದರು. ಯಾರ ಸಂಗೀತ ಬರುತ್ತಿದೆಯೋ ಅವರಿಗೆ ಉಳಿದವರು ದಾರಿ ಬಿಡಬೇಕು, ಅದು ರಿಂಕಿನ ಕಟ್ಟಳೆ. ಕೊಹಾರು ತನ್ನ ಪಾಡಿಗೆ ಹಿಮ್ಮುಖವಾಗಿ ಜಾರುತ್ತಿದ್ದವಳು ಸರಿಯಾಗಿ ಆಕ್ಸಲ್‌ನ ಹೊತ್ತಿಗೆ ಅಡ್ಡ ಬಂದಳು. ಮಿನೋರಿ ಹಾರಲಿಲ್ಲ. ಅವಳನ್ನು ಸುತ್ತಿ ಹೋದಳು. ಮಿನೋರಿಯ ಮುಖ ಬಿಳುಚಿತ್ತು.

ಅಭ್ಯಾಸ ಮುಗಿದ ಮೇಲೆ ನಾನು ಉಡುಪು ಹಿಡಿದು ಬಟ್ಟೆ ಬದಲಿಸುವ ಕೋಣೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಮಿನೋರಿ ಎಡಗೈಯಲ್ಲಿ ಕೊಹಾರುವಿನ ಗದ್ದ ಎತ್ತಿ ಹಿಡಿದಿದ್ದಳು. ಬಲಗೈಯಲ್ಲಿ ಕವರು.

"ಕಣ್ಣೆಲ್ಲಿತ್ತು? ಹಾಂ? ಎಲ್ಲಿತ್ತು?"

ತೋಳಿಗೆ ಒಂದು. ಇನ್ನೊಂದು. ಮೂರನೆಯದಕ್ಕೆ ಮಗು ತಲೆ ತಗ್ಗಿಸಿತು, ಏಟು ಬಾಯಿಗೆ ಬಿತ್ತು. ಹಾಲುಹಲ್ಲೊಂದು ರಬ್ಬರ್ ನೆಲದ ಮೇಲೆ ಹಾರಿ ಬಿತ್ತು. ತುಟಿ ಸೀಳಿ ರಕ್ತ ಗದ್ದಕ್ಕೆ, ಮಿನೋರಿಯ ಬೆರಳುಗಳಿಗೆ ಇಳಿಯಿತು.

ಕೊಹಾರು ಅಳಲಿಲ್ಲ. ಕೈಗಳನ್ನು ತೊಡೆಗೆ ಒತ್ತಿಕೊಂಡು ಬಾಗಿದಳು. "ಧನ್ಯವಾದ ಮಿನೋರಿ ಅಕ್ಕ."

ಮಿನೋರಿ ಕವರನ್ನು ಬೆಂಚಿನ ಮೇಲಿಟ್ಟು, ಮಂಡಿಯೂರಿ, ಆ ಮಗುವಿನ ಬೂಟಿನ ದಾರ ಕಟ್ಟಲು ಶುರುಮಾಡಿದಳು.

ನನ್ನ ಕೈಯಿಂದ ಉಡುಪು ಜಾರಿತು. ಕೊಹಾರು ನನ್ನನ್ನು ನೋಡಿದಳು. ರಕ್ತ ತುಂಬಿದ ಬಾಯಲ್ಲಿ ಹಿಗ್ಗಿನಿಂದ ಕೇಳಿದಳು: "ಅಜ್ಜಿ, ನೋಡಿದ್ರಾ? ನಂಗೂ ಉದ್ದ ತೋಳು ಹೊಲ್ದುಕೊಡ್ತೀರಾ?"

ನಾನು ಕರವಸ್ತ್ರವನ್ನು ಅವಳ ತುಟಿಗೆ ಒತ್ತಿ ಹಿಡಿದು, ಕೈಹಿಡಿದು ನೇರ ರಿಂಕಿನ ಅಂಚಿಗೆ ಕರೆದುಕೊಂಡು ಹೋದೆ. ತೊಮೊಯೆ ಒಬ್ಬಳೇ ಐಸಿನ ಮೇಲಿದ್ದಳು.

"ತೊಮೊಯೆ, ಈ ಮಗು ಬಾಯಿ ನೋಡು."

ಅವಳು ನೋಡಿದಳು. "ಬಿದ್ಲಾ?"

"ಮಿನೋರಿ ಹೊಡೆದ್ಲು. ಗದ್ದ ಹಿಡ್ಕೊಂಡು. ಕವರಲ್ಲಿ. ನೀನು ಹೊಡೆಯೋ ಹಾಗೇ. ಸಾಗಾರಾ ನಿನಗೆ ಹೊಡೀತಿದ್ದ ಹಾಗೇ. ಅವತ್ತೂ ನೋಡಿದ್ದೆ, ಇವತ್ತೂ ನೋಡಿದೆ. ಅವತ್ತು ನೋಡಿ ಚಮಕಿ ಹಚ್ಚಿದೆ. ಇವತ್ತು ನನ್ನ ಕೈಲಾಗಲ್ಲ."

"ಸಾಗಾರಾ ಸೆನ್ಸೆ ಇಲ್ದಿದ್ರೆ ನಾನು ಯಾರೂ ಅಲ್ಲ ಫುಮಿಯೆಸಾನ್." ಅವಳ ದನಿ ಮೆತ್ತಗಿತ್ತು. "ನೀವು ಬಟ್ಟೆ ಹೊಲೀರಿ ಸಾಕು."

ಅಷ್ಟರಲ್ಲಿ ಮಿನೋರಿ ಹಿಂದಿನಿಂದ ಓಡಿ ಬಂದಿದ್ದಳು. ತೊಮೊಯೆಯ ಕಣ್ಣು ಅವಳ ಬೆರಳುಗಳ ಮೇಲಿನ ರಕ್ತದ ಮೇಲೆ ನಿಂತಿತು. ಆ ಮುಖ ಆಗ ಬದಲಾದದ್ದನ್ನು ಹೇಗೆ ಹೇಳಲಿ, ತೀರಾ ಹಳೆಯ ಯಾರೋ ಒಳಗಿನಿಂದ ಎದ್ದು ಬಂದಂತಿತ್ತು.

"ಚಿಕ್ಕ ಮಗೂಗೆ ಕೈ ಮಾಡ್ತೀಯಾ? ಬಾ ಇಲ್ಲಿ!"

ಜುಟ್ಟು ಹಿಡಿದು ಐಸಿನೊಳಕ್ಕೆ ಎಳೆದಳು. ಸ್ಕೇಟು ಬಿಚ್ಚಿ ಸಾದಾ ಬೂಟಿನಲ್ಲಿದ್ದ ಮಿನೋರಿ ಮುಗ್ಗರಿಸಿ ಬಿದ್ದಳು. ತೊಮೊಯೆ ಅವಳನ್ನು ಏಳಿಸಲಿಲ್ಲ. ಕವರು ಎತ್ತಿಕೊಂಡು ಬಿದ್ದಲ್ಲೇ ಹೊಡೆದಳು. ಬೆನ್ನಿಗೆ, ಕತ್ತಿಗೆ, ತಲೆಗೆ ಅಡ್ಡ ಇಟ್ಟುಕೊಂಡ ಕೈಗಳಿಗೆ. "ಹೊಡೆಯೋದನ್ನ ಯಾರು ಹೇಳ್ಕೊಟ್ಟಿದ್ದು ನಿಂಗೆ? ಯಾರು? ಯಾರು?" ಪ್ರತಿ ಮಾತಿಗೂ ಒಂದು ಏಟು. ಪಕ್ಕದಲ್ಲೇ ಅವಳ ಬ್ಲೇಡುಗಳು ಐಸನ್ನು ಕಚಕಚನೆ ಕಡಿಯುತ್ತಿದ್ದವು. ಮಿನೋರಿಯ ಮೂಗಿನ ರಕ್ತ ಐಸಿನ ಮೇಲೆ ಚದುರಿತು.

ನಾನು ಎಪ್ಪತ್ನಾಲ್ಕರ ಮುದುಕಿ. ಎರಡು ಹೆಜ್ಜೆ ಇಟ್ಟು ಬಿದ್ದೆ. ಆಮೇಲೆ ಅಂಬೆಗಾಲಲ್ಲೇ ಹೋದೆ. ಮಿನೋರಿಯ ಮೇಲೆ ನನ್ನ ಮೈಯನ್ನೇ ಹಾಕಿ ಬಲಗೈಯನ್ನು ಮೇಲೆತ್ತಿದೆ. ಏಟು ಮಣಿಕಟ್ಟಿಗೆ ಬಿತ್ತು. ಒಣ ಬಿದಿರು ಮುರಿದ ಹಾಗೆ ಸದ್ದಾಯಿತು. ಕೈ ಅಲ್ಲಿಂದ ಬೇರೆ ದಿಕ್ಕಿಗೆ ತಿರುಗಿ ನೇತಾಡಿತು.

ಆಮೇಲೆ ಏಟು ಬೀಳಲಿಲ್ಲ. ನನ್ನ ಎದೆಯ ಕೆಳಗಿನಿಂದ ಮೆಲ್ಲಗೆ ಒಂದು ದನಿ ಬಂತು.

"ಧನ್ಯವಾದ ಸೆನ್ಸೇ."

ತೊಮೊಯೆಯ ಕೈಯಿಂದ ಕವರು ಬಿತ್ತು. ಅವಳು ಹಿಮ್ಮುಖವಾಗಿ ಜಾರುತ್ತ, ಜಾರುತ್ತ ಎದುರಿನ ಗೋಡೆಗೆ ಹೋಗಿ ತಾಗಿ, ಅಲ್ಲೇ ಕುಸಿದಳು.

ಕೊಹಾರುವಿನ ತಾಯಿಯೇ ನಮ್ಮನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮಗಳ ತುಟಿಗೆ ಹೊಲಿಗೆ ಬೇಕಿತ್ತು. ದಾರಿಯುದ್ದಕ್ಕೂ ಒಂದೇ ಮಾತು: "ಎಲ್ರೂ ಐಸ್ ಮೇಲೆ ಜಾರಿ ಬಿದ್ವಿ ಅನ್ನೋಣ. ಒಬ್ಬರ ಮೇಲೆ ಒಬ್ರು. ಆಗತ್ತಲ್ಲ ಹಾಗೆ."

ಹಿಂದಿನ ಸೀಟಿನಲ್ಲಿ ಮಿನೋರಿ ನನ್ನ ಎಡಗೈ ಹಿಡಿದುಕೊಂಡಿದ್ದಳು. ಅವಳ ಒಂದು ಕಣ್ಣು ಊದಿ ಮುಚ್ಚಿತ್ತು.

"ಅಜ್ಜಿ, ದಮ್ಮಯ್ಯ. ಜಾರಿ ಬಿದ್ದೆ ಅನ್ನಿ. ಸೆನ್ಸೇನ ತೆಗೆದ್ಬಿಡ್ತಾರೆ. ಎರಡು ವಾರದಲ್ಲಿ ನಂಗೆ ಇನ್ಯಾರು ಸಿಕ್ತಾರೆ? ನಾಲ್ಕು ವರ್ಷ ತಡ್ಕೊಂಡಿದೀನಿ. ಇನ್ನೆರಡು ವಾರ ತಡ್ಕೋತೀನಿ."

ನಾನು ಅವಳ ಕೈ ಒತ್ತಿದೆ.

ವೈದ್ಯೆ ಚಿಕ್ಕ ವಯಸ್ಸಿನವಳು. ನನ್ನ ಕೈಗೆ ದಬ್ಬೆ ಇಟ್ಟು ಪಟ್ಟಿ ಕಟ್ಟುವಾಗ, ನೋವಾಗುತ್ತದೆಯೇ ಎಂದು ಮೂರು ಸಲ ಕೇಳಿದಳು. ಆಮೇಲೆ ಕಾಗದ ತೆಗೆದುಕೊಂಡು, "ಇದು ಹೇಗಾಯ್ತು ಅಜ್ಜಿ?" ಎಂದಳು.

"ಜಾರಿ," ಎಂದಳು ಕೊಹಾರುವಿನ ತಾಯಿ.

"ಅಲ್ಲ," ಎಂದೆ. "ಹೊಡೆದ್ರು. ಈ ಹುಡುಗೀನ ಹೊಡೀತಿದ್ರು, ನಾನು ಅಡ್ಡ ಹೋದೆ." ತೊಮೊಯೆಯ ಪೂರ್ತಿ ಹೆಸರು ಹೇಳಿದೆ. ಏಟುಗಳನ್ನು ನಾನು ಎಷ್ಟು ವರ್ಷದಿಂದ ಮುಚ್ಚಿ ಹೊಲಿಯುತ್ತಿದ್ದೇನೆ ಎಂಬುದನ್ನೂ ಹೇಳಿದೆ. "ಅದನ್ನೂ ಬರ್ಕೊಳ್ಳಿ," ಎಂದೆ.

ಮಿನೋರಿ ನನ್ನ ಕೈ ಬಿಟ್ಟಳು. ಎದ್ದು ಕುರ್ಚಿಯನ್ನು ಒದ್ದಳು. ಅದು ಗೋಡೆಗೆ ಬಡಿದು ಉರುಳಿತು.

"ಮುದುಕಿ! ನಿಮ್ಮನ್ನ ಯಾರು ಕರೆದ್ರು? ನನ್ನ ಮೇಲೆ ಬಂದು ಬೀಳಿ ಅಂತ ಯಾರು ಕೇಳಿದ್ರು? ಎಲ್ಲಾ ಹಾಳು ಮಾಡಿದ್ರಿ!"

ಅವಳ ಮುಷ್ಟಿ ಮೇಲೆದ್ದಿತ್ತು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿ ಎಂದೂ ಅನ್ನಿಸಿತು.

ಕೊಹಾರು ಹಾಸಿಗೆಯ ಮೇಲೆ ಕುಳಿತಿದ್ದಳು. ಆ ಮುಷ್ಟಿಯನ್ನು ನೋಡಿದ ಕೂಡಲೇ ಅವಳು ತಾನಾಗಿಯೇ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಗದ್ದವನ್ನು ಮೇಲೆತ್ತಿದಳು. ಏಟು ತನಗೇ ಎಂದುಕೊಂಡು.

ಮಿನೋರಿ ಆ ಎತ್ತಿದ ಗದ್ದವನ್ನೇ ನೋಡುತ್ತ ನಿಂತಳು. ಮುಷ್ಟಿ ಮೆಲ್ಲಗೆ ಕೆಳಗಿಳಿಯಿತು.

"ಇವಳ ಬಾಯಿ," ಎಂದಳು ವೈದ್ಯೆಗೆ. "ಅದು ಸೆನ್ಸೆ ಅಲ್ಲ. ಅದು ನಾನು."

"ಇಲ್ಲ ಅಕ್ಕ, ನಾನೇ ಅಡ್ಡ ಬಂದಿದ್ದು," ಎಂದಳು ಕೊಹಾರು, ಊದಿದ ತುಟಿಯಲ್ಲಿ.

"ನೀನು ಸುಮ್ನಿರೇ." ಮಿನೋರಿ ಉರುಳಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಕುಳಿತಳು. ನನ್ನ ಕಡೆ ನೋಡಲಿಲ್ಲ.

ವೈದ್ಯೆ ಬರೆದುಕೊಂಡಳು. ಆಮೇಲೆ ಕೇಳಿದಳು: "ನಿನಗೆ?"

ಮಿನೋರಿ ತನ್ನ ಬೆರಳುಗಳ ಮೇಲೆ ಒಣಗಿದ್ದ ರಕ್ತವನ್ನು ಉಗುರಿನಿಂದ ಕೆರೆಯುತ್ತಿದ್ದಳು. ಹೊರಗೆ ಯಾರೋ ಪೊಲೀಸರಿಗೆ ಫೋನು ಮಾಡುತ್ತಿದ್ದದ್ದು ಕೇಳುತ್ತಿತ್ತು. ಕಡೆಗೆ ಅವಳು ತೊಮೊಯೆಯ ಹೆಸರು ಹೇಳಿದಳು. ಮೊದಲ ಏಟು ಯಾವತ್ತು ಬಿದ್ದದ್ದು, ಯಾವ ಜಿಗಿತಕ್ಕೆ, ಎಲ್ಲವನ್ನೂ ಒಂದೊಂದಾಗಿ ಹೇಳತೊಡಗಿದಳು. ಪ್ರತಿ ಸಲ ಹೆಸರು ಬಂದಾಗಲೂ ಅದರ ಕೊನೆಗೆ ಸೆನ್ಸೆ ಎಂದು ಸೇರಿಸುವುದನ್ನು ಮಾತ್ರ ಬಿಡಲಿಲ್ಲ.