ಚಮಚದಕ್ಕ ಹೇಳಿದ ‘ಇಲ್ಲ’

ಶಿಶುವಿಹಾರದ ಮಕ್ಕಳಿಗೆಲ್ಲ ಅವಳು ಚಮಚದಕ್ಕ. ಮೂರು ವರ್ಷದಿಂದ ಅಲ್ಲಿ ಗಂಜಿ ತಿನ್ನಿಸುವ ಕೆಲಸ. ಎಂಥ ಹಟಮಾರಿ ಮಗುವಾದರೂ ಅವಳು “ಆ...” ಎಂದು ರಾಗ ಎಳೆದರೆ ಸಾಕು, ಆಟ ಬಿಟ್ಟು ತಿರುಗಿ ಬಾಯಿ ತೆರೆಯುತ್ತಿತ್ತು. ಪ್ರತಿ ಚಮಚವನ್ನೂ ಮೊದಲು ತನ್ನ ತುಟಿಗೆ ತಾಗಿಸಿ, ಬಿಸಿ ನೋಡಿಯೇ ಮಗುವಿನ ಬಾಯಿಗಿಡುವುದು ಅವಳ ಪದ್ಧತಿ. “ಎಂಜಲು ಕಣೇ” ಎಂದು ಆಯಾ ಮೂಗು ಮುರಿದರೆ, “ಮಕ್ಕಳ ಎಂಜಲೂ ಒಂದು ಎಂಜಲೇನೇ? ಹೋಗೇ ಮಾರಾಯ್ತಿ” ಎಂದು ನಗುತ್ತಿದ್ದಳು.

ಅವಳಿಗಿದ್ದವಳು ಒಬ್ಬಳೇ ತಂಗಿ. ಅಮ್ಮ ತೀರಿಕೊಂಡ ಮೇಲೆ ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಎರಡು ಸಲ ಬಸಿರು ಇಳಿದುಹೋಗಿ, ಮೂರನೇ ಸಲ ಬಸುರಾದಾಗ ತಂಗಿ ಅಕ್ಕನ ಮನೆಗೇ ಬಂದು ಮಲಗಿದಳು.

“ಮೂರು ತಿಂಗಳು ತುಂಬೋವರೆಗೂ ಯಾರ ಹತ್ರಾನೂ ಬಾಯಿ ಬಿಡ್ಬೇಡ ಅಕ್ಕಾ. ನನ್ನಾಣೆ.”

ವಾಂತಿಯಾಗಿ ಸೊರಗಿದ ತಂಗಿಗೆ ಅಕ್ಕ ಗಂಜಿ ಕಾಯಿಸಿ, ಅದೇ ಅಭ್ಯಾಸದಲ್ಲಿ ತುಟಿಗೆ ತಾಗಿಸಿ ತಾಗಿಸಿ ತಿನ್ನಿಸಿದಳು.

ಅದೇ ತಿಂಗಳು ಅಕ್ಕನಿಗೆ ಜ್ವರ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಹದಿನೆಂಟು ದಿನ! ಮೈಕೈ ನೋವು, ಕತ್ತಿನಲ್ಲಿ ಗಂಟು, ಒಂದು ಬಕೆಟ್ ನೀರೂ ಎತ್ತಲಾಗದ ಸುಸ್ತು. ಟೈಫಾಯ್ಡ್ ಅಲ್ಲ, ಮತ್ತೊಂದಲ್ಲ. ಕೊನೆಗೆ ಡಾಕ್ಟರಮ್ಮ ರಕ್ತದ ವರದಿ ನೋಡಿ ಹೇಳಿದರು: “ಸೈಟೋಮೆಗಾಲೋ ಅಂತ ಒಂದು ವೈರಸ್ಸು. ಎಳೆ ಮಕ್ಕಳ ಜೊಲ್ಲು, ಮೂತ್ರದಿಂದ ಅಂಟುತ್ತೆ. ಲಿವರ್ ಸ್ವಲ್ಪ ಊದಿದೆ, ತಾನಾಗೇ ಇಳಿಯುತ್ತೆ. ನಿಮಗೇನೂ ಭಯ ಇಲ್ಲ.” ಪೆನ್ನಿನ ಮುಚ್ಚಳ ಹಾಕುತ್ತಾ ಕೇಳಿದರು, “ಮನೇಲಿ ಬಸುರಿಯರು ಯಾರಾದ್ರೂ ಇದ್ದಾರಾ?”

ಬಾಗಿಲ ಬಳಿಯ ಬೆಂಚಿನಲ್ಲಿ ಪಕ್ಕದ ಮನೆಯಾಕೆ ಕಿವಿ ನಿಮಿರಿಸಿ ಕೂತಿದ್ದಳು. ಅಕ್ಕನಿಗೆ ಆಣೆ ನೆನಪಾಯಿತು.

“ಇಲ್ಲ” ಎಂದಳು.

ಅಯ್ಯೋ, ಯಾಕೆ ಕೇಳಿದಿರಿ ಎಂದಾದರೂ ಕೇಳಬಾರದಿತ್ತೇ! ಕೇಳಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡೆನೆಂಬ ಸಮಾಧಾನದಲ್ಲಿ ಮನೆಗೆ ಬಂದಳು. ಮುಂದಿನ ವಾರ ತಂಗಿಗೂ ನಾಲ್ಕು ದಿನ ಸಣ್ಣ ಜ್ವರ ಬಂದು ಹೋಯಿತು. ಬಸುರಿನಲ್ಲಿ ಇದೆಲ್ಲ ಇದ್ದದ್ದೇ ಎಂದುಕೊಂಡರು.

ಹೆಣ್ಣು ಮಗು ಹುಟ್ಟಿತು, ಗುಂಡುಗುಂಡಾಗಿ, ನಗುಮುಖದ್ದು. ಆದರೆ ಐದು ತಿಂಗಳಾದರೂ ಕರೆದರೆ ತಿರುಗದು. ಪರೀಕ್ಷೆ ಮಾಡಿದ ಕಿವಿಯ ಡಾಕ್ಟರು ಮಗು ಹುಟ್ಟಿದಾಗ ತೆಗೆದಿಟ್ಟಿದ್ದ ರಕ್ತದ ಹನಿಯನ್ನೂ ತರಿಸಿ ನೋಡಿದರು. ಎರಡೂ ಕಿವಿ ಕೇಳಿಸುವುದಿಲ್ಲ ಎಂದರು. ಯಂತ್ರ ಹಾಕಿ ನೋಡೋಣ, ಎಷ್ಟು ಕೇಳಿಸುತ್ತೋ ಹೇಳಲಾಗದು ಎಂದರು. ಬಸುರಿನಲ್ಲಿ ತಾಯಿಗೆ ತಗುಲಿದ ವೈರಸ್ಸೇ ಕಾರಣ ಎಂದು ಅದರ ಹೆಸರನ್ನೂ ಹೇಳಿದರು: ಸೈಟೋಮೆಗಾಲೋ. ಡಾಕ್ಟರಮ್ಮ ಯಾಕೆ ಕೇಳಿದ್ದರೆಂದು ಅಕ್ಕನಿಗೆ ಆಗ ತಿಳಿಯಿತು.

ಮಾರನೆಯ ದಿನ ಮಧ್ಯಾಹ್ನ ಮಗುವಿನ ಬಟ್ಟೆ ಮಡಚುತ್ತಾ ಅಕ್ಕ ಎಲ್ಲವನ್ನೂ ಹೇಳಿಬಿಟ್ಟಳು. ಚಮಚದ ಸಂಗತಿ, ಡಾಕ್ಟರಮ್ಮನ ಪ್ರಶ್ನೆ, ತಾನು ಹೇಳಿದ “ಇಲ್ಲ”.

“ಆವತ್ತೇ ಹೇಳಿದ್ರೂ ಅಷ್ಟೊತ್ತಿಗೆ ನಿಂಗೆ ತಗುಲಿತ್ತೋ ಏನೋ. ಆದ್ರೆ ನಾನು ಬಾಯಿ ಬಿಡ್ಲಿಲ್ಲ ಕಣೇ.”

ತಂಗಿ ಬಹಳ ಹೊತ್ತು ಒಂದೇ ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

“ಆಣೆ ಹಾಕ್ಸಿದ್ದು ನಾನು. ಆ ಪಕ್ಕದ ಮನೆ ಹೆಂಗಸಿಗೆ ಗೊತ್ತಾಗಿದ್ರೆ ಏನಾಗ್ತಿತ್ತು ಅಕ್ಕಾ? ಊರಿಗೆಲ್ಲ ಗೊತ್ತಾಗ್ತಿತ್ತು. ಅಷ್ಟೇ ತಾನೆ?” ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಚಮಚದಕ್ಕ ಚಮಚ ಮುಟ್ಟಲಿಲ್ಲ. ಶಿಶುವಿಹಾರದ ಕೆಲಸವನ್ನೂ ಬಿಟ್ಟಳು. ಆರು ತಿಂಗಳು ತುಂಬಿ ಮಗುವಿಗೆ ಮೊದಲ ಗಂಜಿ ಕಾಯಿಸಿದ ದಿನ ತಂಗಿಯೇ ಬಟ್ಟಲು ತಂದು ಅವಳ ಮಡಿಲಲ್ಲಿಟ್ಟಳು. “ನೀನೇ ತಿನ್ನಿಸು. ನಂಗೆ ಬರಲ್ಲ.”

ಅಕ್ಕ ಮಣಿಕಟ್ಟಿನ ಮೇಲೆ ಹನಿ ಬಿಟ್ಟು ಬಿಸಿ ನೋಡಿದಳು. “ಆ...” ಎಂದು ರಾಗ ಎಳೆದಳು. ಮಗು ಕಿಟಕಿಯ ಪರದೆ ನೋಡುತ್ತಿತ್ತು. ಇನ್ನೂ ಗಟ್ಟಿಯಾಗಿ ಎಳೆದಳು. ಮಗು ಪರದೆಯನ್ನೇ ನೋಡುತ್ತಿತ್ತು.

ಅವಳು ಎದ್ದು ಮಗುವಿನ ಎದುರಿಗೆ ಬಂದು ಕೂತಳು. ಸದ್ದಿಲ್ಲದೆ ತನ್ನ ಬಾಯಿಯನ್ನು ಅಗಲವಾಗಿ ತೆರೆದಳು. ಮಗು ಅವಳ ಮುಖ ನೋಡಿತು, ನಕ್ಕಿತು, ತಾನೂ ಬಾಯಿ ತೆರೆಯಿತು. ಕಣ್ಣೀರು ಇಳಿದು ತುಟಿಗೆ ಬರುತ್ತಿದ್ದರೂ ಬಟ್ಟಲು ಖಾಲಿಯಾಗುವವರೆಗೆ ಅವಳು ಬಾಯಿ ಮುಚ್ಚಲಿಲ್ಲ.