ನೋಡದೆ ಬರೆದ ಕಾರ್ಡುಗಳು

ಕಾರ್ಡಮ್ಮ ಅಂದರೆ ಆ ಟಿ.ವಿ. ಸಂಗ್ರಹಾಲಯದಲ್ಲಿ ಎಲ್ಲರಿಗೂ ಗೊತ್ತು. ಮೂವತ್ತೊಂದು ವರ್ಷದಿಂದ ನೆಲಮಾಳಿಗೆಯ ತಣ್ಣನೆ ಕೋಣೆಯಲ್ಲಿ ಕೂತು, ಯಾವ ಟೇಪಿನಲ್ಲಿ ಏನೇನಿದೆ ಅಂತ ಒಂದೊಂದಕ್ಕೂ ಒಂದೊಂದು ಕಾರ್ಡು ಬರೆದಿಟ್ಟವಳು ಅವಳೇ. ಅವಳ ಕಾರ್ಡನ್ನು ಕಣ್ಣುಮುಚ್ಚಿ ನಂಬಬಹುದು ಅಂತ ಮೇಲಿನವರು ಹೊಗಳುತ್ತಿದ್ದರು. ಹೊಗಳಿದಾಗೆಲ್ಲ ಅವಳು ಮಾತನ್ನು ಬೇರೆ ಕಡೆ ತಿರುಗಿಸಿಬಿಡುತ್ತಿದ್ದಳು. ಯಾಕಂದರೆ ಮೊದಲ ವರ್ಷದ ಇನ್ನೂರು ಚಿಲ್ಲರೆ ಕಾರ್ಡು ಶುದ್ಧ ಬುರುಡೆ.

ಏನು ಮಾಡ್ತೀರಿ, ಆಗ ಟೇಪು ಹಾಕಿ ನೋಡುವ ಯಂತ್ರ ಕೆಟ್ಟು ಕೂತಿತ್ತು. ರಿಪೇರಿಯವನು ಇವತ್ತು ಬರ್ತೀನಿ, ನಾಳೆ ಬರ್ತೀನಿ ಅಂತ ಎಂಟು ತಿಂಗಳು ಆಟ ಆಡಿಸಿದ. ಮೇಲಧಿಕಾರಿಗೆ ಮಾತ್ರ ವಾರಕ್ಕೆ ಇಷ್ಟು ಅಂತ ಕಾರ್ಡು ಮೇಜಿನ ಮೇಲೆ ಬೀಳಲೇಬೇಕು. ಹೊಸ ಕೆಲಸ, ಬಾಯಿ ಬಿಡಲು ಹೆದರಿಕೆ. ಡಬ್ಬಿಯ ಮೇಲಿನ ಚೀಟಿ ಓದಿ, ಒಳಗೆ ಇರಬಹುದು ಅಂತ ತೋಚಿದ್ದನ್ನೆಲ್ಲ ಬರೆದುಬಿಟ್ಟಳು. ಚೀಟಿಯಲ್ಲಿ 'ಸೇತುವೆ ಉದ್ಘಾಟನೆ' ಅಂತಿದ್ದರೆ, ಕಾರ್ಡಿನಲ್ಲಿ 'ಬೊಕ್ಕತಲೆಯವರೊಬ್ಬರು ರಿಬ್ಬನ್ನಿನ ಮುಂದೆ ನಿಂತು ಕತ್ತರಿಗಾಗಿ ಜೇಬೆಲ್ಲ ತಡಕಾಡುತ್ತಾರೆ' ಅಂತ. ಬರೆಯುವಾಗ ಅವಳಿಗೇ ನಗು ಬಂದಿತ್ತು.

ಈಗ ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಬಂದರು ನೋಡಿ ಮೇಷ್ಟ್ರು. ಕಾಲೇಜಿನಲ್ಲಿ ಸಿನಿಮಾ ಪಾಠ ಹೇಳುವವರು, ದಪ್ಪ ಕನ್ನಡಕ, ಮಾತಿಗೊಮ್ಮೆ 'ಭೇಷ್' ಅನ್ನುವ ಚಾಳಿ. ಹಳೆಯ ಟೇಪುಗಳನ್ನೆಲ್ಲ ಜನ ಮನೆಯಲ್ಲೇ ಕೂತು ನೋಡುವ ಹಾಗೆ ತೆರೆದಿಡಬೇಕು ಅಂತ ಕಾಲೇಜಿಗೂ ಸಂಗ್ರಹಾಲಯಕ್ಕೂ ಒಪ್ಪಂದವಾಗಿತ್ತು. ತೆರೆಯುವ ಮೊದಲು ಆ ಕಡೆಯವರೊಬ್ಬರು, ಈ ಕಡೆಯವರೊಬ್ಬರು ಕಾರ್ಡು ಎದುರಿಗಿಟ್ಟುಕೊಂಡು ಪ್ರತಿ ಟೇಪನ್ನು ಎರಡು ಸಲ ನೋಡಬೇಕು. ಬೆಳಿಗ್ಗೆ ಒಂದು ಸಲ, ಊಟ ಆದಮೇಲೆ ಒಂದು ಸಲ. ನಡುವೆ ಕಾರ್ಡು ತಿದ್ದಬಹುದು. ಇಬ್ಬರೂ ಸಹಿ ಹಾಕಿದ ಮೇಲೆ ಯಾರಪ್ಪ ಬಂದರೂ ಒಂದಕ್ಷರ ಅಲುಗಾಡಿಸುವಂತಿಲ್ಲ.

"ಮೊದಲ ವರ್ಷದ್ದರಿಂದಲೇ ಶುರು ಮಾಡೋಣ ಮೇಡಂ," ಅಂದರು ಮೇಷ್ಟ್ರು.

ಮುಗೀತು ನನ್ನ ಕಥೆ, ಅಂದುಕೊಂಡಳು ಕಾರ್ಡಮ್ಮ. ಸೇತುವೆ ಟೇಪು ಸುತ್ತಲು ಶುರುವಾಯಿತು. ಪರದೆಯ ಮೇಲೆ ರಿಬ್ಬನ್ನು ಬಂತು. ರಿಬ್ಬನ್ನಿನ ಮುಂದೆ ಬೊಕ್ಕತಲೆಯವರೊಬ್ಬರು ನಿಂತಿದ್ದರು. ಎಡಜೇಬು ತಡಕಿದರು, ಬಲಜೇಬು ತಡಕಿದರು.

"ಭೇಷ್!" ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂಥ ಕಣ್ಣು ಮೇಡಂ ನಿಮ್ಮದು! ಇಷ್ಟು ಸಣ್ಣದನ್ನೂ ಬಿಟ್ಟಿಲ್ಲವಲ್ಲ!"

ಕಾರ್ಡಮ್ಮ ಕಾರ್ಡನ್ನು ಇನ್ನೊಂದು ಸಲ ಓದಿದಳು. ಕಾಕತಾಳೀಯ ಇರಬೇಕು ಅಂತ ಸಮಾಧಾನ ಹೇಳಿಕೊಂಡಳು. ಆದರೆ ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಮೀನು ಮಾರುವವಳು ಕಾರ್ಡಮ್ಮ ಬರೆದಷ್ಟೇ ಸಲ ಸೀನಿದಳು. ಕಾರ್ಡಿನಲ್ಲಿ ಏಳು ಜನ ಅಂತಿದ್ದ ಕಡೆ ಏಳೇ ಜನ ಇದ್ದರು. ಅವಳು ಮುಖ ವರ್ಣಿಸದೆ ಬಿಟ್ಟವರಿಗೆ ಮುಖವೂ ಸರಿಯಾಗಿರಲಿಲ್ಲ, ಒರೆಸಿದ ಹಲಗೆಯ ಹಾಗೆ ಬರೀ ಮಸುಕು.

"ಟೇಪು ಹಳೇದಾಯ್ತಲ್ಲ, ಹಾಗೆ," ಅಂದರು ಮೇಷ್ಟ್ರು.

ನಾಲ್ಕನೆಯ ದಿನ ಅವಳು ಧೈರ್ಯ ಮಾಡಿದಳು. ಮೇಷ್ಟ್ರು ಊಟಕ್ಕೆ ಹೋದಾಗ ರೈಲು ನಿಲ್ದಾಣದ ಕಾರ್ಡಿನ ಕೊನೆಗೆ 'ಕುಂಟುವ ನಾಯಿಯೊಂದು ಎಡದಿಂದ ಬಲಕ್ಕೆ ಹೋಗುತ್ತದೆ' ಅಂತ ಸೇರಿಸಿದಳು. ಬೆಳಿಗ್ಗೆ ನೋಡಿದಾಗ ನಾಯಿಯ ಸುಳಿವೇ ಇರಲಿಲ್ಲ. ಮಧ್ಯಾಹ್ನ ಎಡದಿಂದ ಬಂತು, ಕುಂಟುತ್ತ ಬಲಕ್ಕೆ ಹೋಯಿತು. ಹೋಗುವಾಗ ಒಂದು ಸಲ ನಿಂತು ಕಾಲು ನೆಕ್ಕಿಕೊಂಡಿತು.

"ಅರೆ, ಬೆಳಿಗ್ಗೆ ಇದನ್ನ ನಾನು ಗಮನಿಸಲೇ ಇಲ್ಲ ನೋಡಿ," ಅಂದರು ಮೇಷ್ಟ್ರು.

ಅಯ್ಯೋ ಪಾಪ, ಕುಂಟುವ ನಾಯಿ ಅಂತ ಯಾಕಾದರೂ ಬರೆದೆನೋ ಅಂತ ಕಾರ್ಡಮ್ಮನಿಗೆ ಕರುಳು ಚುರ್ ಅಂದಿತು. ಮರುಕ್ಷಣವೇ ಇನ್ನೊಂದು ನೆನಪಾಗಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. 'ಹೊಸ ಬಡಾವಣೆ, ಮನೆಗಳು' ಅನ್ನುವ ಡಬ್ಬಿ ಇನ್ನೂ ಬಾಕಿ ಇತ್ತು.

ಆ ಕಾರ್ಡು ಬರೆದಾಗ ಅವಳ ಅಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಮನೆಯಲ್ಲಿ ಅಳಲು ಬಿಡುವಿಲ್ಲ, ಆಫೀಸಿನಲ್ಲಿ ಅತ್ತರೆ ನಾಚಿಕೆ. ಅವತ್ತು ಯಾರೂ ತೆರೆದು ನೋಡದ ಆ ಟೇಪಿನೊಳಗೆ ಅಮ್ಮನನ್ನು ತಂದು ನಿಲ್ಲಿಸಿದ್ದಳು. 'ಮೂರನೇ ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು. ದುಂಡು ಮುಖ, ಎಡಹುಬ್ಬಿನ ಮೇಲೆ ಸಣ್ಣ ಗಾಯದ ಗುರುತು, ಹಲ್ಲಲ್ಲಿ ಕಚ್ಚಿದ ಹೇರ್‌ಪಿನ್ನು. ಜಡೆ ಸುತ್ತಿ ಪಿನ್ನು ಸಿಕ್ಕಿಸಿ, ಯಾರನ್ನೋ ಕರೆಯುತ್ತಾಳೆ.' ಆಮೇಲೆ ಕಾರ್ಡನ್ನು ಮಿಕ್ಕವುಗಳ ಜೊತೆ ಪೆಟ್ಟಿಗೆಗೆ ಹಾಕಿದ್ದಳು.

ಅಮ್ಮನ ಒಂದೆರಡು ಫೋಟೊ ಮನೆಯಲ್ಲಿದ್ದವು. ಧ್ವನಿ ಎಲ್ಲೂ ಇರಲಿಲ್ಲ. ವರ್ಷ ಕಳೆದಂತೆ ಅದು ಮಾಸುತ್ತ ಮಾಸುತ್ತ ಹೋಗಿತ್ತು. ಒಂದೇ ಒಂದು ಸಲ ಕಿವಿಗೆ ಬಿದ್ದರೆ ಸಾಕು, ಎಲ್ಲ ವಾಪಸ್ ಬರುತ್ತೆ ಅಂತ ಅವಳ ನಂಬಿಕೆ. ನಾಯಿ ಕಂಡ ದಿನ ರಾತ್ರಿ ಅವಳಿಗೆ ನಿದ್ದೆಯಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ಯಂತ್ರದ ಮುಂದೆ ಕೂತಳು.

ಟೇಪು ಸುತ್ತಿತು. ಮೊದಲನೇ ಮನೆ, ಎರಡನೇ ಮನೆ, ಮೂರನೇ ಮನೆಯ ಬಾಗಿಲು. ಅಮ್ಮ ನಿಂತಿದ್ದಳು. ಅದೇ ಹುಬ್ಬು, ಅದೇ ಗಾಯ. ಜಡೆ ಸುತ್ತಿ, ಪಿನ್ನು ಸಿಕ್ಕಿಸಿ, ಇತ್ತ ತಿರುಗಿ ಬಾಯಿ ತೆರೆದಳು. ತುಟಿ ಆಡಿದವು, ಕತ್ತಿನ ನರ ಉಬ್ಬಿತು. ಆದರೆ ಕೋಣೆಯಲ್ಲಿ ಯಂತ್ರದ ಗುಂಯ್ ಸದ್ದು ಬಿಟ್ಟರೆ ಇನ್ನೇನೂ ಕೇಳಿಸಲಿಲ್ಲ.

"ಸೌಂಡ್ ಜಾಸ್ತಿ ಮಾಡಿ ಮೇಷ್ಟ್ರೇ!"

"ಸೌಂಡೇ ಇಲ್ಲವಲ್ಲ ಮೇಡಂ. ನೀವೇ ಬರೆದಿದ್ದೀರಿ, ನೋಡಿ." ಮೇಷ್ಟ್ರು ಕಾರ್ಡಿನ ತುದಿ ತೋರಿಸಿದರು. 'ಧ್ವನಿ ಇಲ್ಲ.'

ಧ್ವನಿ ಇದೆ ಅಂತ ಬರೆದರೆ ಮಾತನ್ನೆಲ್ಲ ಅಕ್ಷರಕ್ಕಕ್ಷರ ಇಳಿಸಬೇಕು, ಅದು ಆಗಿನ ನಿಯಮ. ಆ ರಗಳೆ ಯಾರಿಗೆ ಬೇಕು ಅಂತ ಬುರುಡೆ ಕಾರ್ಡುಗಳಿಗೆಲ್ಲ ಒಂದೇ ಸಮ 'ಧ್ವನಿ ಇಲ್ಲ' ಅಂತ ಗೀಚಿದ್ದಳು. ಇಷ್ಟು ದಿನ ನೋಡಿದ ಟೇಪುಗಳೆಲ್ಲ ಯಾಕೆ ಮೂಕವಾಗಿದ್ದವು ಅಂತ ಈಗ ಹೊಳೆಯಿತು. ಮೈಗಳ್ಳಿ, ಸೋಂಬೇರಿ, ನಿನ್ನ ಕೈಗಿಷ್ಟು ಬೆಂಕಿ ಹಾಕ ಅಂತ ತನಗೆ ತಾನೇ ಶಾಪ ಹಾಕಿಕೊಂಡಳು.

ಮೇಷ್ಟ್ರು ಊಟಕ್ಕೆ ಎದ್ದ ಕೂಡಲೇ ಪೆನ್ನು ತೆಗೆದಳು. 'ಇಲ್ಲ' ಹೊಡೆದು 'ಇದೆ' ಅಂತ ಮಾಡಿದಳು. ಕೆಳಗೆ ಮಾತು ಇಳಿಸಿದಳು: 'ಚಿಟ್ಟೀ, ಎಲ್ಲಿದ್ದೀಯೇ? ಕತ್ತಲಾಯ್ತು, ಒಳಗೆ ಬಾರೇ.' ಅಮ್ಮ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಅಷ್ಟು ಬರೆದು, ಡಬ್ಬಿಯ ಊಟವನ್ನೂ ಮುಟ್ಟದೆ ಕಾದಳು.

ಮಧ್ಯಾಹ್ನ ಎರಡನೇ ಸಲ ಟೇಪು ಸುತ್ತಿತು. ಮೂರನೇ ಮನೆಯ ಬಾಗಿಲಲ್ಲಿ ಅಮ್ಮ ಪಿನ್ನು ಸಿಕ್ಕಿಸಿ ಇತ್ತ ತಿರುಗಿದಳು.

"ಚಿಟ್ಟೀ, ಎಲ್ಲಿದ್ದೀಯೇ? ಕತ್ತಲಾಯ್ತು, ಒಳಗೆ ಬಾರೇ."

ಮೇಷ್ಟ್ರು ಗಕ್ಕನೆ ಇವಳ ಕಡೆ ತಿರುಗಿದರು. "ಮೇಡಂ, ನೀವೇನಾದರೂ ಅಂದಿರಾ?"

ಅವಳು ತುಟಿ ಬಿಚ್ಚಿರಲಿಲ್ಲ. ಆದರೆ ಆ ಧ್ವನಿ ಅವಳದೇ. ಐವತ್ತೇಳು ವರ್ಷದ, ಸಿಗರೇಟಿನ ಹೊಗೆಯನ್ನೂ ನೆಲಮಾಳಿಗೆಯ ಶೀತವನ್ನೂ ನುಂಗಿ ನುಂಗಿ ಒಡೆದ ಅವಳದೇ ಗಂಟಲು, ಅಮ್ಮನ ಬಾಯಿಂದ ಬಂದಿತ್ತು.

ಪರದೆಯ ಮೇಲೆ ಅಮ್ಮ ಬೆಚ್ಚಿಬಿದ್ದಳು. ಕೈಯನ್ನು ಮೆಲ್ಲಗೆ ಕತ್ತಿಗೆ ಒಯ್ದು ಮುಟ್ಟಿ ನೋಡಿಕೊಂಡಳು. ಇನ್ನೊಂದು ಸಲ ಬಾಯಿ ತೆರೆಯಲು ಹೋಗಿ, ಹೆದರಿ, ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಇದು ಯಾವ ಕಾರ್ಡಿನಲ್ಲೂ ಇರಲಿಲ್ಲ. ಕಣ್ಣು ಮಾತ್ರ ಇತ್ತಲೇ ನೋಡುತ್ತಿದ್ದವು, ಯಾರು ಹೀಗೆ ಮಾಡಿದ್ದು ಅಂತ ಕೇಳುವ ಹಾಗೆ.

"ಇದೇನಿದು, ಬೆಳಿಗ್ಗೆ ಹೀಗಿರಲಿಲ್ಲವಲ್ಲ..." ಮೇಷ್ಟ್ರ ದನಿ ಇಳಿದಿತ್ತು. 'ಭೇಷ್' ಅನ್ನುವುದನ್ನೂ ಮರೆತಿದ್ದರು.

ಕಾರ್ಡಮ್ಮ ಕಾರ್ಡನ್ನು ಎಳೆದುಕೊಂಡಳು. ತಾನು ಬರೆದಿದ್ದ ಮಾತಿನ ಮೇಲೆ ಉದ್ದಕ್ಕೂ ಗೆರೆ ಎಳೆದಳು. 'ಧ್ವನಿ ಇಲ್ಲ' ಅಂತ ಮತ್ತೆ ಬರೆದು, ಕೆಳಗೆ ಸಹಿ ಹಾಕಿ, ಪೆನ್ನನ್ನು ಮೇಷ್ಟ್ರ ಮುಂದಿಟ್ಟಳು.

"ಧ್ವನಿ ಇದೆಯಲ್ಲ ಮೇಡಂ. ಈಗ ತಾನೇ ಇಬ್ಬರೂ ಕೇಳಿದ್ವಲ್ಲ?"

"ಅದು ಅವಳದಲ್ಲ ಮೇಷ್ಟ್ರೇ," ಅಂದಳು. "ಅವಳು ನಮ್ಮಮ್ಮ. ಅವಳ ಧ್ವನಿ ನಂಗೆ ಮರೆತೇ ಹೋಗಿದೆ. ಪುಣ್ಯ ಬರುತ್ತೆ, ಬೇಗ ಸಹಿ ಹಾಕಿ, ಅವಳು ಬಾಯಿಂದ ಕೈ ತೆಗೀಲಿ."